ಹದಿಮೂರರ ನಂತರ ಹದಿನೈದು

ನಿಯಮ ಒಂದೇ: ಓದು, ವಿವರಿಸಬೇಡ.
ಎಲ್ಲ ದೇಶದಲ್ಲೂ ಅದೇ ವಾಕ್ಯ, ಅದೇ ನಿಧಾನ,
ಕೊನೆಗೆ ಅದೇ ಮೂರು ಸೆಕೆಂಡಿನ ಬಿಡುವು.
ನ್ಯಾಯವೆಂದರೆ ಇದೇ ಎಂದಿತ್ತು ಕೈಪಿಡಿ;
ಅದನ್ನು ಜಪಾನಿಗೆ ತಂದವಳು ನಾನೇ.

ಅಕಿತಾದಲ್ಲಿ ಫೆಬ್ರವರಿ. ಏಳನೆಯ ತರಗತಿ.
ಕಿಟಕಿಯ ಅರ್ಧದವರೆಗೆ ಹಿಮ.
ಮೂವತ್ತೊಂದು ಮಕ್ಕಳು, ಮೂವತ್ತೊಂದು ಪೆನ್ಸಿಲು.
"ಕಳೆದ ಎರಡು ತಿಂಗಳಲ್ಲಿ ಬೇರೆ ವಿದ್ಯಾರ್ಥಿಗಳು
ನಿನಗೆ ನೋವಾಗುವಂಥದ್ದನ್ನು ಎಷ್ಟು ಸಲ ಮಾಡಿದರು?"

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು,
ಪೂರ್ತಿಯಲ್ಲ, ಕಿವಿಯವರೆಗೆ.
"ಯಾರೂ ಏನೂ ಮಾಡದಿದ್ದರೆ?"

ಮೂವತ್ತು ಕತ್ತುಗಳು. ಒಂದೂ ಹೊರಳಲಿಲ್ಲ.
ನೊಣ ಹಾರಿದರೂ ತಿರುಗಿ ನೋಡುವ ವಯಸ್ಸು ಅದು.
ಆಗ ನನಗೆ ತಿಳಿಯಿತು.
ಹನ್ನೆರಡರಲ್ಲಿ ನಾನೂ ಒಂದಿಡೀ ಚಳಿಗಾಲ
ಇಂಥ ಕತ್ತುಗಳ ಹಿಂದೆ ಕೂತವಳು.
ಒಬ್ಬಳು ಟೂ ಬಿಟ್ಟರೆ ಮುನಿಸು, ಸಂಜೆಗೆ ಕರಗುತ್ತದೆ.
ಇಡೀ ತರಗತಿ ಟೂ ಬಿಟ್ಟರೆ
ಅದಕ್ಕೆ ಯಾರೂ ಕಿರುಬೆರಳು ಕೂಡ ಎತ್ತಬೇಕಾಗಿಲ್ಲ.

ಕೈಪಿಡಿ, ಪುಟ ಒಂಬತ್ತು: ಮಗು ಕೇಳಿದರೆ ವಾಕ್ಯವನ್ನು ಮತ್ತೆ ಓದಿ.
ಮತ್ತೆ ಓದಿದೆ. ಅದೇ ನಿಧಾನ. ಮೂರು ಸೆಕೆಂಡು.
ಅವಳು ತಲೆ ಬಗ್ಗಿಸಿ ಸೊನ್ನೆಗೆ ಗುರುತು ಹಾಕಿದಳು.
ಸುಳ್ಳೇನಲ್ಲ. ಯಾರೂ ಏನೂ ಮಾಡಿರಲಿಲ್ಲ.

ಸೊನ್ನೆ ಯಂತ್ರದೊಳಗೆ ಹೋಯಿತು.
ನಕ್ಷೆಯಲ್ಲಿ ನಾವು ತಿಳಿನೀಲಿ, ನೆಮ್ಮದಿಯ ಬಣ್ಣ.
ಬೊಡೊ ಊರು ಕೆಂಡದಂತೆ ಕೆಂಪು.
"ನಮ್ಮ ಹುಡುಗರು ಹಿಮದುಂಡೆಯನ್ನೂ ಎಣಿಸುತ್ತಾರೆ"
ಎಂದ ಎಸ್ಪೆನ್, ಪರದೆಯ ಮೇಲೆ, ಕಾಫಿ ಲೋಟದ ಹಿಂದಿನಿಂದ.
"ನೋವಾದರೆ ಹೇಳು ಅಂತ ಹಾಲುಹಲ್ಲಿನಿಂದಲೇ ಕಲಿಸುತ್ತೇವಲ್ಲ."
ತಮಾಲೆಯಿಂದ ಅಬಿಬಾ, ಫ್ಯಾನಿನ ಸದ್ದಿನೊಳಗಿಂದ:
"ಮೇಷ್ಟರ ಬೆತ್ತವೂ ಸೇರುತ್ತದೆಯೇ ಅಂತ ಕೇಳಿದವು ಮಕ್ಕಳು.
ಇಲ್ಲ ಅಂದೆ. ಹಾಗಾದರೆ ಬರೆಯೋಕೆ ಹೆಚ್ಚೇನಿಲ್ಲ ಅಂತ ನಕ್ಕವು."

ನಮ್ಮ ಇಜಿಮೆ, ಎಸ್ಪೆನ್‌ನ ಮೊಬ್ಬಿಂಗ್,
ಅಬಿಬಾ ಒಂದೇ ಮಾತಿನಲ್ಲಿ ಹೇಳಲಾಗದೆ ಮೂರರಲ್ಲಿ ಹೇಳಿದ್ದು.
ಒಂದು ಸೇರು, ಒಂದು ಪಾವು, ಒಂದು ಬರಿಯ ಬೊಗಸೆ.
ಅಕ್ಕಿಯಾದರೂ ಒಂದೇ ಎಂದು ನಂಬಿದ್ದೆವು.

ಹದಿನಾಲ್ಕನೆಯ ಪ್ರಶ್ನೆ ಬರೆದಿದ್ದೆ, ನಿಜ.
"ನೀನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಎಷ್ಟು ದಿನ ನಡೆದುಕೊಂಡರು?"
ಲೆಕ್ಕದವರು ಮೃದುವಾಗಿ ಹೇಳಿದರು:
ಇದು ಮೂರು ದೇಶದಲ್ಲಿ ಮೂರು ಥರ ನಡೆಯುತ್ತದೆ,
ಹೋಲಿಕೆಗೆ ಬರುವುದಿಲ್ಲ, ತೆಗೆಯೋಣ.
ತೆಗೆದರು. ಸಂಖ್ಯೆ ತಿದ್ದಲು ಮರೆತರು.
ಹಾಳೆಯಲ್ಲಿ ಹದಿಮೂರರ ನಂತರ ಹದಿನೈದು.
ಅವಳು ಹಾಳೆ ತಿರುವಿ ಹಿಂದೆ ನೋಡಿದ್ದನ್ನು ನಾನು ಕಂಡೆ.

ಅವಳ ಹೆಸರು ನನಗೆ ಗೊತ್ತಿಲ್ಲ.
ಹೆಸರು ಕೇಳಬಾರದು, ಅದೂ ನಿಯಮ.

ಈ ವರ್ಷ ಆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ:
"ಕಳೆದ ವಾರ ಶಾಲೆಯಲ್ಲಿ ಎಷ್ಟು ಮಂದಿ
ನಿನ್ನನ್ನು ಹೆಸರು ಹಿಡಿದು ಕರೆದರು?"
ದೂರಿಲ್ಲ, ಚಾಡಿಯಿಲ್ಲ, ಬರೀ ಎಣಿಕೆ.

ಎಸ್ಪೆನ್ ಅಂದು ರಾತ್ರಿಯೇ ಬರೆದ:
ಊಟದ ಹೊತ್ತಿನಲ್ಲಿ ಮಗಳನ್ನು ಕೇಳಿದೆ.
ಬೆರಳು ಮಡಚತೊಡಗಿದಳು, ಎರಡಕ್ಕೆ ನಿಂತಳು.
ಎರಡನೆಯವನು ಬಸ್ಸಿನ ಡ್ರೈವರ್.
ನಾನು ತುಂಬ ಹೊತ್ತು ತಟ್ಟೆ ತೊಳೆದೆ.

ಗೆದ್ದೆ ಅಂದುಕೊಂಡೆ, ಇದರಲ್ಲಿ ಗೆಲ್ಲುವುದೇನೋ ಇದೆ ಎಂಬಂತೆ.
ಮರುದಿನ ಅಬಿಬಾಳದು ಎರಡೇ ಸಾಲು:
"ನಮ್ಮಲ್ಲಿ ದಿನಕ್ಕೆ ನೂರು ಸಲ ಕರೆಯುತ್ತಾರೆ, ಮಿತ್ಸುಯೊ.
ಯಾವ ಹೆಸರಿನಿಂದ ಅಂತ ಕೇಳಿದೆಯಾ?"

ರಬ್ಬರು ಹುಡುಕಿದೆ.
ಹೊರಗೆ ಹಿಮ ತೆಗೆಯುವ ಗಾಡಿ ಬೀದಿಯನ್ನು ಕೆರೆಯುತ್ತಿತ್ತು.
ಉಜ್ಜಿದಲ್ಲೇ ಉಜ್ಜಿ
ಕಾಗದ ಅಲ್ಲಿ ತೆಳುವಾಯಿತು.